ಸಿಪ್ಪೆಯೊಡನೆ ಬರುವ ತಿರುಳು

ಮುರುಗೇಶಪಾಳ್ಯದ ಕಡೆಯಿಂದಲೂ ಮಾರತಹಳ್ಳಿಯ ಕಡೆಯಿಂದಲೂ ಬಸ್ಸುಗಳು ಒಂದನ್ನೊಂದು ಒತ್ತರಿಸಿಕೊಂಡು ವಿಮಾನಪುರದತ್ತ ಬರುತ್ತಿರುವ ಶನಿವಾರದ ಬೆಳಗಿನಲ್ಲಿ, ಹಳೆಯ ವಿಮಾನನಿಲ್ದಾಣದ ರಸ್ತೆಯ ಯಾವುದಾದರೊಂದು ಸ್ಕ್ಯಾನಿಂಗ್ ಕೇಂದ್ರದ ಬಾಗಿಲು ನೂಕಿ ಒಳಗೆ ಹೋದರೆ, ಗೋಡೆಯ ಉದ್ದಕ್ಕೂ ಇಟ್ಟ ಕುರ್ಚಿಗಳಲ್ಲಿ ಕುಳಿತು ಲೀಟರು ಬಾಟಲಿಯ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರುವ ಹೆಣ್ಣುಮಕ್ಕಳು ಕಾಣಸಿಗುತ್ತಾರೆ. ಮೂತ್ರಕೋಶ ತುಂಬಿದ ಹೊರತು, ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿನಲ್ಲಿ ಗರ್ಭಕೋಶವಾಗಲಿ ಅಂಡಾಶಯಗಳಾಗಲಿ ಸ್ಪಷ್ಟವಾಗಿ ತೋರವು. ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಎಲ್ಲವೂ ತಗ್ಗಿದ ದನಿಯಲ್ಲಿ ಕೇಳಿಬರುವ ಆ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡುವುದಿಲ್ಲ.

"ಇನ್ನೂ ಅರ್ಜೆಂಟ್ ಆಗಿಲ್ವೇನೆ?" ಎಂದು ತಾಯಿ ಕೇಳುತ್ತಾಳೆ.

"ನೋವೇ ಜಾಸ್ತಿ ಇದೆಯಮ್ಮ, ಯಾವುದು ಏನೂಂತ ಗೊತ್ತಾಗ್ತಿಲ್ಲ."

"ಮದುವೆ ಆಗಿ ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ ಕಣೆ. ನಮ್ಮತ್ತೇನೂ ನಂಗೆ ಹಂಗೇ ಹೇಳ್ತಿದ್ರು."

ಇದು ಯಾವುದೋ ಒಂದು ಮನೆಯ ತಾಯಿ ಮಗಳ ಮಾತಲ್ಲ. ನಮ್ಮ ಅನೇಕ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಡವೆಯಂತೆ ಇಳಿದುಬಂದ ಮಾತು. ಅರ್ಧ ಗಂಟೆಯ ಮೇಲೆ ಕೈಗೆ ಬರುವ ವರದಿಯಲ್ಲಿ, ಎಡ ಅಂಡಾಶಯದಲ್ಲಿ ಐದು ಸೆಂಟಿಮೀಟರಿನ ಚಾಕೊಲೇಟ್ ಸಿಸ್ಟ್ ಇದೆಯೆಂದು ಬರೆದಿರುತ್ತದೆ. ಆ ಹೆಸರಿನ ಸವಿಯನ್ನು ಕೇಳಿ ತಾಯಿ ಒಂದು ಕ್ಷಣ ಅವಾಕ್ಕಾಗುತ್ತಾಳೆ, ಮರುಕ್ಷಣವೇ ಕೇಳುವ ಪ್ರಶ್ನೆ, "ಆಪರೇಷನ್ ಮಾಡಿಸಬೇಕಾ?" ಎಂಬುದು. ಆ ಪ್ರಶ್ನೆಗೆ ಒಂದು ಶಬ್ದದಲ್ಲಿ ಉತ್ತರ ಹೇಳುವುದು ಏಕೆ ಕಷ್ಟ, ಹಾಗೆ ಹೇಳುವುದು ಏಕೆ ತರವಲ್ಲ ಎಂಬುದನ್ನು ವಿವರಿಸುವುದಕ್ಕಾಗಿ ಈ ಲೇಖನ.

ಮನೆ ಬಿಟ್ಟ ಪೊರೆ

ಗರ್ಭಕೋಶದ ಒಳಗೋಡೆಗೆ ಒಂದು ಮೃದುವಾದ ಪೊರೆಯ ಹೊದಿಕೆ ಉಂಟು. ಬರಲಿರುವ ಶಿಶುವಿಗೆ ಹಾಸಿಗೆ ಹಾಸಿಡುವಂತೆ ಅದು ತಿಂಗಳು ತಿಂಗಳೂ ದಪ್ಪನಾಗಿ ಬೆಳೆದು, ಗರ್ಭ ನಿಲ್ಲದಿದ್ದಾಗ ಕಳಚಿಕೊಂಡು ಮುಟ್ಟಿನ ರೂಪದಲ್ಲಿ ಹೊರಗೆ ಹೋಗುತ್ತದೆ. ಇದೇ ಜಾತಿಯ ಪೊರೆಯು ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಗೋಡೆಯ ಮೇಲೆ, ಗರ್ಭಕೋಶಕ್ಕೂ ಗುದನಾಳಕ್ಕೂ ನಡುವಣ ಸಂದಿನಲ್ಲಿ ನೆಲೆ ಹೂಡಿ ಬೆಳೆಯುವುದಕ್ಕೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಮನೆ ಬಿಟ್ಟುಹೋದರೂ ಮನೆಯ ಪದ್ಧತಿಯನ್ನು ಅದು ಬಿಡುವುದಿಲ್ಲ. ದೇಹದ ಹಾರ್ಮೋನುಗಳ ಕರೆಗೆ ಓಗೊಟ್ಟು ಅಲ್ಲಿಯೂ ಊದಿಕೊಳ್ಳುತ್ತದೆ, ಅಲ್ಲಿಯೂ ರಕ್ತ ಸುರಿಸುತ್ತದೆ. ಆದರೆ ಆ ರಕ್ತ ಹೊರಹೋಗುವುದಕ್ಕೆ ದಾರಿಯಿಲ್ಲ.

ಹೀಗೆ ನಿಂತ ರಕ್ತವು ಸುತ್ತಣ ಅಂಗಗಳಲ್ಲಿ ಉರಿಯೂತವನ್ನು ಹುಟ್ಟಿಸಿ, ಒಂದಕ್ಕೊಂದು ಅಂಟದೆ ಜಾರಾಡಬೇಕಾದ ಕರುಳು, ಅಂಡಾಶಯ, ಗರ್ಭಕೋಶಗಳನ್ನು ಅಂಟು ಹಾಕಿದಂತೆ ಕೂಡಿಸಿಬಿಡುತ್ತದೆ. ಮುಟ್ಟಿನ ದಿನಗಳ ಅಸಹನೀಯ ನೋವು, ದಾಂಪತ್ಯದ ಸಂಗದಲ್ಲಿ ನೋವು, ಮಲವಿಸರ್ಜನೆಯಲ್ಲಿ ನೋವು, ಗರ್ಭ ನಿಲ್ಲದಿರುವುದು, ಇವು ಇದರ ಮುಖ್ಯ ಚಿಹ್ನೆಗಳು. ಪ್ರಜನನ ವಯಸ್ಸಿನ ಸ್ತ್ರೀಯರಲ್ಲಿ ಹತ್ತಕ್ಕೆ ಒಬ್ಬರಂತೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಲ್ಲಿ ಇದು ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನೋವು ಮೊದಲಾದ ದಿನದಿಂದ ಅದಕ್ಕೊಂದು ಹೆಸರು ಸಿಕ್ಕುವ ದಿನದ ತನಕ ಅನೇಕ ವರ್ಷಗಳೇ ಕಳೆಯುತ್ತವೆಂಬುದು ಬೇರೆ ಬೇರೆ ದೇಶಗಳ ವೈದ್ಯರ ಸಮಾನ ಅನುಭವ. ಆ ವರ್ಷಗಳನ್ನು ನುಂಗಿದ್ದು ವೈದ್ಯಶಾಸ್ತ್ರದ ಅಜ್ಞಾನವೊಂದೇ ಅಲ್ಲ. ಹೆಣ್ಣೆಂದ ಮೇಲೆ ಇಷ್ಟು ನೋವು ಇರತಕ್ಕದ್ದೇ ಎಂಬ ನಮ್ಮೆಲ್ಲರ ನಂಬಿಕೆಯೂ ಹೌದು.

ಆಲ್ಬನಿಯ ವೈದ್ಯನ ಶೋಧ

ವಿಯೆನ್ನಾ ನಗರದ ರೋಗವಿಜ್ಞಾನಿ ಕಾರ್ಲ್ ಫಾನ್ ರೋಕಿಟಾನ್ಸ್ಕಿ 1860ರಷ್ಟು ಹಿಂದೆಯೇ ಇಂಥ ಪೊರೆಯನ್ನು ವರ್ಣಿಸಿದ್ದನಾದರೂ, ಅಂಡಾಶಯದ ಮೇಲೆ ನೆಲೆಸಿದ ಇಂಥ ಪೊರೆಯಿಂದ ಉಂಟಾಗುವ ಗಂಟಿನ ನಿಜವಾದ ಸ್ವರೂಪವನ್ನು ಲೋಕಕ್ಕೆ ತೋರಿಸಿಕೊಟ್ಟವನು ಅಮೆರಿಕದ ಆಲ್ಬನಿಯ ಶಸ್ತ್ರವೈದ್ಯ ಜಾನ್ ಸ್ಯಾಂಪ್ಸನ್. ಹಳೆಯ ರಕ್ತವು ತಿಂಗಳುಗಟ್ಟಲೆ ನಿಂತು ಮಂದವಾಗಿ ಕಂದುಗಪ್ಪು ಬಣ್ಣಕ್ಕೆ ತಿರುಗಿದ್ದನ್ನು ಕಂಡು, 1921ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಅವನು ಈ ಗಂಟುಗಳನ್ನು ಚಾಕೊಲೇಟ್ ಸಿಸ್ಟ್ ಎಂದು ಕರೆದನು. ನಮ್ಮ ಸ್ಕ್ಯಾನಿಂಗ್ ವರದಿಗಳಲ್ಲಿ ನೂರು ವರ್ಷದ ಮೇಲೂ ಉಳಿದುಕೊಂಡಿರುವುದು ಇದೇ ಹೆಸರು.

ಋತುಸ್ರಾವದ ರಕ್ತವು ಕೆಳಮುಖವಾಗಿ ಹರಿಯುವುದಷ್ಟೇ ಅಲ್ಲದೆ, ಗರ್ಭನಾಳಗಳ ಮೂಲಕ ಹಿಮ್ಮುಖವಾಗಿ ಕಿಬ್ಬೊಟ್ಟೆಗೂ ಸುರಿದು, ಅದರೊಡನೆ ಹೋದ ಪೊರೆಯ ಕಣಗಳು ಅಲ್ಲಿ ಬೇರೂರುತ್ತವೆಂಬ ವಾದವನ್ನು ಅವನೇ 1927ರಲ್ಲಿ ಮುಂದಿಟ್ಟನು. ಹಿಮ್ಮುಖ ಹರಿವು ಬಹುಪಾಲು ಸ್ತ್ರೀಯರಲ್ಲಿ ಉಂಟು. ಕಾಯಿಲೆ ಮಾತ್ರ ಕೆಲವರಲ್ಲಿಯೇ. ಆದುದರಿಂದ ವಂಶಗುಣ, ದೇಹದ ರೋಗನಿರೋಧ ವ್ಯವಸ್ಥೆ ಮೊದಲಾದ ಬೇರೆ ಕಾರಣಗಳೂ ಕೂಡಿರಬೇಕೆಂದು ಈಗಿನ ವಿದ್ವಾಂಸರ ಅಭಿಪ್ರಾಯ.

ಶಸ್ತ್ರಚಿಕಿತ್ಸೆಯ ವಿಚಾರಕ್ಕೆ ಇವೆಲ್ಲಕ್ಕಿಂತ ಮುಖ್ಯವಾದದ್ದು 1957ರಲ್ಲಿ ಹ್ಯೂಸ್‌ಡನ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದ ಕೆಳಗೆ ಕಂಡ ಸಂಗತಿ. ಸಾಮಾನ್ಯವಾದ ನೀರುಗುಳ್ಳೆಗೆ ತನ್ನದೇ ಆದ ಚರ್ಮವಿರುತ್ತದೆ; ಅದು ಅಂಡಾಶಯದೊಳಗೆ ಅತಿಥಿಯಂತೆ ಬೇರೆಯಾಗಿ ಕುಳಿತಿರುತ್ತದೆ. ಚಾಕೊಲೇಟ್ ಸಿಸ್ಟ್ ಹಾಗಲ್ಲ. ಅಂಡಾಶಯದ ಹೊರಮೈ ಮೇಲೆ ಅಂಟಿಕೊಂಡ ಪೊರೆಯು ರಕ್ತ ಸುರಿಸುತ್ತ ಹೋದಂತೆ, ಆ ಹೊರಮೈಯೇ ಒಳಕ್ಕೆ ಮಡಚಿ ಗುಂಡಿಯಾಗಿ, ಆ ಗುಂಡಿಯ ಬಾಯಿ ಮುಚ್ಚಿಕೊಂಡು ಗಂಟಾಗುತ್ತದೆ. ಎಂದರೆ, ಗಂಟಿನ ಗೋಡೆ ಎಂದು ನಾವು ಕರೆಯುವುದು ಬಹುಮಟ್ಟಿಗೆ ಅಂಡಾಶಯದ ಸ್ವಂತ ಮೈಯೇ. ಹುಟ್ಟುವಾಗ ಪಡೆದು ಬಂದ ಅಂಡಾಣುಗಳು ಸಂಗ್ರಹವಾಗಿರುವುದೂ ಅದೇ ಹೊರಪದರದಲ್ಲಿ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಶಸ್ತ್ರ ಯಾವಾಗ, ಏತಕ್ಕೆ

ಕಂಡ ಗಂಟನ್ನೆಲ್ಲ ಕತ್ತರಿಸತಕ್ಕದ್ದಲ್ಲ. ಮೂರು ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು, ನೋವು ಕೊಡದೆ, ಸ್ಕ್ಯಾನಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದೆ ಇರುವ ಸಿಸ್ಟನ್ನು ನಿಯಮಿತವಾಗಿ ನೋಡಿಕೊಳ್ಳುತ್ತಿದ್ದರೆ ಸಾಕಾಗಬಹುದು. ನೋವಿದ್ದರೆ ಮೊದಲು ಔಷಧ: ಡೈನೋಜೆಸ್ಟ್ ಎಂಬ ಹಾರ್ಮೋನು ಮಾತ್ರೆ, ಗರ್ಭನಿರೋಧಕ ಮಾತ್ರೆಗಳು, ಹಾರ್ಮೋನು ಒಸರುವ ಕಾಪರ್‌-ಟಿಯಂಥ ಸಾಧನ. ಇವು ಪೊರೆಯ ಬೆಳವಣಿಗೆಯನ್ನು ಅಡಗಿಸುತ್ತವೆ, ಬೇರಿನಿಂದ ಕೀಳುವುದಿಲ್ಲ. ಗರ್ಭ ಬಯಸುತ್ತಿರುವವರಿಗೆ ಇವು ಉಪಯುಕ್ತವೂ ಅಲ್ಲ, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಅಂಡೋತ್ಪತ್ತಿಯನ್ನೇ ತಡೆಯುತ್ತವೆ.

ಮದ್ದಿಗೆ ಬಗ್ಗದ ನೋವು, ದೊಡ್ಡದಾಗುತ್ತಿರುವ ಗಂಟು, ಒಡೆದು ಹೊಟ್ಟೆಯೊಳಗೆ ಹರಡಿದ ಗಂಟು, ಕ್ಯಾನ್ಸರಿನ ಶಂಕೆ ತರುವ ಚಹರೆ, ಇವು ಶಸ್ತ್ರಚಿಕಿತ್ಸೆಗೆ ನ್ಯಾಯವಾದ ಕಾರಣಗಳು. ಇಲ್ಲಿ ಕ್ಯಾನ್ಸರ್ ಎಂಬ ಶಬ್ದ ಕೇಳಿ ಹೆದರಬೇಕಾಗಿಲ್ಲ. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಅಂಡಾಶಯದ ಕೆಲವು ಬಗೆಯ ಕ್ಯಾನ್ಸರಿನ ಸಂಭವ ತುಸು ಹೆಚ್ಚೆಂಬುದು ದಿಟವಾದರೂ, ಬಹುಸಂಖ್ಯಾತರಿಗೆ ಅದು ಬರುವುದೇ ಇಲ್ಲ. ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ ಈ ಕಾಯಿಲೆಯಲ್ಲಿಯೂ ಏರುವುದರಿಂದ, ಅದೊಂದನ್ನೇ ನೋಡಿ ಮನೆಯವರು ನಿದ್ದೆಗೆಡುವುದು ಬೇಡ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಈ ಕಾಯಿಲೆ ಹೆಚ್ಚು ಚೆನ್ನಾಗಿ ತಿಳಿಯುತ್ತದೆ. ಆದರೆ ಮದುವೆಯಾಗದ ಹುಡುಗಿಗೆ ಅದನ್ನು ಮಾಡಲು ನಮ್ಮಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ, ಆಕೆಯೂ ಒಪ್ಪದಿರಬಹುದು. ಆ ಸಂಕೋಚವನ್ನು ಗೌರವಿಸತಕ್ಕದ್ದೇ. ಶಿವಾಜಿನಗರದಲ್ಲಿರುವ ಹಾಜಿ ಸರ್ ಇಸ್ಮಾಯಿಲ್ ಸೇಠ್ ಗೋಷಾ ಆಸ್ಪತ್ರೆಯ ಹೆಸರೇ, ಪರದೆಯೊಳಗಣ ಸ್ತ್ರೀಯರಿಗೂ ಚಿಕಿತ್ಸೆ ದೊರೆಯಲೆಂದು ನಮ್ಮ ದಂಡಿನ ಪ್ರದೇಶದ ಹಿರಿಯರು ಮಾಡಿದ ಏರ್ಪಾಟನ್ನು ನೆನಪಿಸುತ್ತದೆ. ಅವರು ಸ್ತ್ರೀಯರ ಸಂಕೋಚವನ್ನು ಮುರಿಯಹೋಗಲಿಲ್ಲ, ಸಂಕೋಚಕ್ಕೆ ತಕ್ಕ ಬಾಗಿಲನ್ನು ಕಟ್ಟಿದರು. ಇಂದು ಆ ಬಾಗಿಲಿನ ಕೆಲಸವನ್ನು ಎಂಆರ್‌ಐ ಬಹುಮಟ್ಟಿಗೆ ಮಾಡಬಲ್ಲದು. ಅದನ್ನು ಮಾಡಿಸಿಕೊಳ್ಳಬಹುದೇ ಎಂದು ಕೇಳುವುದಕ್ಕೆ ಹಿಂಜರಿಯಬಾರದು.

ಹೊಕ್ಕುಳಿನ ಕಿಂಡಿ

ಐವತ್ತು ಅರವತ್ತು ವರ್ಷಗಳ ಹಿಂದೆ ಈ ಗಂಟನ್ನು ತೆಗೆಯಬೇಕಾದರೆ ಹೊಟ್ಟೆಯನ್ನು ಗೇಣುದ್ದ ಸೀಳಬೇಕಾಗಿತ್ತು. ಸ್ಟಾಕ್‌ಹೋಮಿನ ಯಾಕೊಬೇಯುಸ್ 1910ರಲ್ಲಿ ಮನುಷ್ಯನ ಹೊಟ್ಟೆಯೊಳಕ್ಕೆ ನಳಿಕೆ ಹಾಯಿಸಿ ನೋಡಿದ ದಿನದಿಂದ ಲ್ಯಾಪ್ರೋಸ್ಕೋಪಿ ಎಂಬ ಈ ವಿದ್ಯೆ ಮೆಲ್ಲಮೆಲ್ಲನೆ ಬೆಳೆಯಿತು. 1978ರಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದವರಲ್ಲಿ ಒಬ್ಬನಾದ ಇಂಗ್ಲೆಂಡಿನ ಪ್ಯಾಟ್ರಿಕ್ ಸ್ಟೆಪ್ಟೊ, ಅಂಡಾಣುವನ್ನು ಹೊರತೆಗೆದದ್ದು ಇದೇ ಲ್ಯಾಪ್ರೋಸ್ಕೋಪಿನ ಸಹಾಯದಿಂದ. ಹೊಟ್ಟೆಯನ್ನು ಸೀಳದೆ ಒಳಗನ್ನು ನೋಡುವ ಈ ವಿದ್ಯೆಯೇ ಗಂಟಿನ ಶಸ್ತ್ರಚಿಕಿತ್ಸೆಗೂ ಪ್ರನಾಳ ಶಿಶುವಿನ ಶಾಸ್ತ್ರಕ್ಕೂ ಬಾಗಿಲು ತೆರೆಯಿತು.

ಈಗ ನಡೆಯುವ ಕ್ರಮ ಹೀಗೆ. ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಹೊಕ್ಕುಳ ಬಳಿ ಒಂದು ಸೆಂಟಿಮೀಟರಿನಷ್ಟು ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ ಹೊಟ್ಟೆಯನ್ನು ಗುಡಾರದಂತೆ ಎತ್ತುತ್ತಾರೆ. ಮೇಜನ್ನು ತಲೆಯ ಕಡೆ ತಗ್ಗಿಸಿದಾಗ ಕರುಳುಗಳು ಮೇಲಕ್ಕೆ ಸರಿದು ಕಿಬ್ಬೊಟ್ಟೆ ತೆರವಾಗುತ್ತದೆ. ಕೆಳಗೆ ಅರ್ಧ ಸೆಂಟಿಮೀಟರಿನ ಇನ್ನೆರಡು ಮೂರು ರಂಧ್ರಗಳು, ಅವುಗಳಲ್ಲಿ ಉದ್ದನೆಯ ಇಕ್ಕಳ, ಕತ್ತರಿ. ಎದುರಿನ ಪರದೆಯ ಮೇಲೆ ಎಲ್ಲವೂ ಹಲವು ಪಟ್ಟು ದೊಡ್ಡದಾಗಿ ತೋರುತ್ತದೆ. ಗರ್ಭಕೋಶದ ಹಿಂದಕ್ಕೆ ಎಳೆಯಲ್ಪಟ್ಟು ಒಂದಕ್ಕೊಂದು ಅಂಟಿಕೊಂಡಿರುವ ಎರಡು ಅಂಡಾಶಯಗಳನ್ನು ವೈದ್ಯರು ಚುಂಬಿಸುವ ಅಂಡಾಶಯಗಳೆಂದು ಕರೆಯುತ್ತಾರೆ; ಅವುಗಳನ್ನು ಬಿಡಿಸುವುದೇ ಕೆಲಸದ ಮೊದಲ ಭಾಗ. ಮೂತ್ರಪಿಂಡದಿಂದ ಇಳಿಯುವ ನಾಳವೂ ಗುದನಾಳವೂ ಅಂಗುಲದ ಅಂತರದಲ್ಲಿರುವುದರಿಂದ, ಅನುಭವಿ ಕೈಗೂ ಇದು ಎಚ್ಚರದ ಗಳಿಗೆ.

ಬಿಡಿಸುವಾಗಲೇ ಗಂಟು ಸಾಮಾನ್ಯವಾಗಿ ಒಡೆದು, ಕಂದುಬಣ್ಣದ ಮಂದದ್ರವ ಹೊರಬರುತ್ತದೆ. ಅದನ್ನು ಹೀರಿ ತೊಳೆದ ಮೇಲೆ ಮುಖ್ಯ ಕೆಲಸ: ಒಂದು ಇಕ್ಕಳದಿಂದ ಗಂಟಿನ ಒಳಪದರವನ್ನೂ ಇನ್ನೊಂದರಿಂದ ಅಂಡಾಶಯದ ಮೈಯನ್ನೂ ಹಿಡಿದು, ವಿರುದ್ಧ ದಿಕ್ಕುಗಳಿಗೆ ಮೆಲ್ಲನೆ ಎಳೆದು, ಪದರವನ್ನು ಸುಲಿದು ತೆಗೆಯುವುದು. ದ್ರವವನ್ನು ಬಸಿದು ಪದರವನ್ನು ಸುಟ್ಟುಬಿಡುವ ರೀತಿಗಿಂತ ಈ ಸುಲಿಯುವ ರೀತಿಯಲ್ಲಿ ನೋವು ಹೆಚ್ಚು ಶಮನವಾಗುವುದೆಂದೂ, ಗಂಟು ಮರಳುವುದು ಕಡಮೆಯೆಂದೂ, ಸಹಜವಾಗಿ ಗರ್ಭ ನಿಲ್ಲುವ ಸಂಭವ ಹೆಚ್ಚೆಂದೂ ಕೊಕ್ರೇನ್ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಪರಿಶೀಲನೆ ತೋರಿಸಿತು. ಬರಿಯ ದ್ರವ ಬಸಿದು ಬಿಟ್ಟರೆ ಸ್ವಲ್ಪ ಕಾಲದಲ್ಲಿಯೇ ಗಂಟು ಮತ್ತೆ ತುಂಬಿಕೊಳ್ಳುತ್ತದೆ.

ತಿರುಳಿನ ಲೆಕ್ಕ

ಇನ್ನು ಈ ಲೇಖನದ ಹೃದಯಕ್ಕೆ ಬರೋಣ. ಕಿತ್ತಳೆಯ ಸಿಪ್ಪೆಯನ್ನು ತೆಗೆದರೆ ತೊಳೆಗಳಿಗೆ ಏನೂ ಆಗುವುದಿಲ್ಲ. ಮಾವಿನಕಾಯಿಯ ಸಿಪ್ಪೆ ಹೆರೆಯುವಾಗ ಮಾತ್ರ ಎಷ್ಟು ಹದವಾದ ಕೈಯಾದರೂ ತಿರುಳು ಒಂದಿಷ್ಟು ಸಿಪ್ಪೆಯೊಡನೆ ಬಂದೇ ಬರುತ್ತದೆ. ಸಾಮಾನ್ಯ ನೀರುಗುಳ್ಳೆ ಕಿತ್ತಳೆಯಂತೆ. ಚಾಕೊಲೇಟ್ ಸಿಸ್ಟ್ ಮಾವಿನಕಾಯಿಯಂತೆ. ಗಂಟಿನ ಗೋಡೆಯೇ ಅಂಡಾಶಯದ ಮೈಯಾದ್ದರಿಂದ, ಸುಲಿದ ಪದರವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಅದಕ್ಕೆ ಹತ್ತಿಕೊಂಡ ಅಂಡಾಶಯದ ಅಂಶವೂ, ಹಲವು ಸಲ ಅಂಡಾಣುಗಳೂ ಕಾಣಸಿಗುತ್ತವೆ. ಮೇಲಾಗಿ, ಸುಲಿದ ಜಾಗದಲ್ಲಿ ಜಿನುಗುವ ರಕ್ತವನ್ನು ವಿದ್ಯುತ್ತಿನಿಂದ ಸುಟ್ಟು ನಿಲ್ಲಿಸಿದರೆ, ಆ ಶಾಖಕ್ಕೆ ಉಳಿದ ಅಂಡಾಣುಗಳೂ ನಲುಗುತ್ತವೆ.

ವಿಮಾನಪುರದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯಿಂದಲೇ ಹೆಸರು ಪಡೆದ ಊರು ಇದು. ಇಲ್ಲಿನ ಎಷ್ಟೋ ಮನೆಗಳಲ್ಲಿ ಆ ಕಾರ್ಖಾನೆಯಲ್ಲಿ, ಎಂದರೆ ಇಂದಿನ ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದಾರೆ. ವಿಮಾನದ ಲೋಹದ ಮೈಗೆ ಹಿಡಿದ ತುಕ್ಕನ್ನು ಉಜ್ಜಿ ತೆಗೆಯುವಾಗ ಲೋಹವೂ ಸವೆಯುವುದೆಂದೂ, ಎಷ್ಟು ಸವೆಸಬಹುದೆಂಬುದಕ್ಕೆ ಮಿತಿಯುಂಟೆಂದೂ, ಉಜ್ಜಿದ ಮೇಲೆ ಉಳಿದ ದಪ್ಪವನ್ನು ಅಳೆಯದೆ ಬಿಡಬಾರದೆಂದೂ ಅವರು ಬಲ್ಲರು. ಅಂಡಾಶಯದಲ್ಲಿ ಹಾಗೆ ಉಳಿದದ್ದನ್ನು ಅಂದಾಜು ಮಾಡುವ ಅಳತೆಗೋಲು ಎಎಂಎಚ್ ಎಂಬ ರಕ್ತಪರೀಕ್ಷೆ. ಬೆಳೆಯುತ್ತಿರುವ ಪುಟ್ಟ ಅಂಡಕೋಶಗಳು ಒಸರುವ ಈ ಹಾರ್ಮೋನಿನ ಪ್ರಮಾಣ, ಬತ್ತಳಿಕೆಯಲ್ಲಿ ಎಷ್ಟು ಬಾಣ ಉಳಿದಿವೆಯೆಂಬುದರ ಸುಳಿವು ಕೊಡುತ್ತದೆ.

ಸ್ತ್ರೀಯು ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳೊಡನೆ ಹುಟ್ಟಿ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷವನ್ನು ಉಳಿಸಿಕೊಂಡು, ಅವುಗಳಲ್ಲಿ ಜೀವಮಾನದಲ್ಲಿ ನಾನೂರು ಐನೂರನ್ನು ಮಾತ್ರ ಪಕ್ವಗೊಳಿಸುತ್ತಾಳೆ. ಹೊಸದಾಗಿ ಒಂದೂ ಹುಟ್ಟುವುದಿಲ್ಲ. ಚಾಕೊಲೇಟ್ ಸಿಸ್ಟನ್ನು ಸುಲಿದ ಮೇಲೆ ಎಎಂಎಚ್ ಸರಾಸರಿ ಶೇ 38ರಷ್ಟು ಇಳಿಯಿತೆಂದು 2012ರಲ್ಲಿ ಪ್ರಕಟವಾದ ಒಂದು ಸಂಗ್ರಹ ಪರಿಶೀಲನೆ ಹೇಳಿತು. ಎರಡೂ ಕಡೆ ಗಂಟಿದ್ದವರಲ್ಲಿ ಇಳಿತ ಇನ್ನೂ ಹೆಚ್ಚು. ಎರಡೂ ಅಂಡಾಶಯಗಳಿಗೆ ಒಂದೇ ಸಲ ಶಸ್ತ್ರಚಿಕಿತ್ಸೆಯಾದ 126 ಜನರಲ್ಲಿ 3 ಮಂದಿಗೆ ಅಂಡಾಶಯದ ಕಾರ್ಯವೇ ನಿಂತುಹೋಯಿತೆಂದು ಇಟಲಿಯ ವೈದ್ಯರು 2006ರಲ್ಲಿ ವರದಿ ಮಾಡಿದರು. ಮೂವರೆಂದರೆ ಅಲ್ಪಸಂಖ್ಯೆಯೆನ್ನಬಹುದು, ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ ಮುಟ್ಟು ನಿಂತುಹೋಗುವುದೆಂದರೇನೆಂದು ಬಲ್ಲವರು ಹಾಗೆ ಹೇಳಲಾರರು.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಂಟನ್ನು ಮುಟ್ಟದೆ ಬಿಟ್ಟರೂ ಅದರೊಳಗಣ ಹಳೆಯ ರಕ್ತದ ಕಬ್ಬಿಣಾಂಶವೂ ಉರಿಯೂತವೂ ಸುತ್ತಣ ಅಂಡಾಣುಗಳನ್ನು ಸವೆಸುತ್ತಿರುತ್ತವೆ. ಶಸ್ತ್ರಚಿಕಿತ್ಸೆಯ ನಂತರ ಇಳಿದ ಎಎಂಎಚ್ ಕೆಲವರಲ್ಲಿ ತಿಂಗಳುಗಳು ಕಳೆದಂತೆ ಸ್ವಲ್ಪ ಏರುವುದೂ ಉಂಟು. ಅಲ್ಲದೆ ಅಂಕಿ ತಗ್ಗಿದ ಮಾತ್ರಕ್ಕೆ ಸಹಜವಾಗಿ ಗರ್ಭ ನಿಲ್ಲಲಾರದೆಂಬ ತೀರ್ಮಾನವೂ ಸಲ್ಲದು. ಆದುದರಿಂದ ಶಸ್ತ್ರವೈದ್ಯರು ಈಗ ಮಾಡುತ್ತಿರುವುದು ಅಂಡಾಶಯವನ್ನು ಆದಷ್ಟು ಉಳಿಸುವ ಯತ್ನ: ಸುಡುವುದರ ಬದಲು ಹೊಲಿಗೆ ಹಾಕಿ ರಕ್ತ ನಿಲ್ಲಿಸುವುದು, ರಕ್ತನಾಳಗಳ ಬುಡದ ಬಳಿ ಪದರ ತೀರ ಬಿಗಿಯಾಗಿ ಹತ್ತಿದ್ದಲ್ಲಿ ಅಷ್ಟನ್ನು ಎಳೆಯದೆ ಬಿಟ್ಟು ಲೇಸರಿನಿಂದ ಮೇಲುಮೇಲಕ್ಕೆ ಆವಿ ಮಾಡುವುದು, ಕೆಲವರಲ್ಲಿ ಸೂಜಿಯ ಮೂಲಕ ಮದ್ಯಸಾರ ಹಾಯಿಸಿ ಪದರವನ್ನು ನಿಷ್ಕ್ರಿಯಗೊಳಿಸುವುದು.

ಗರ್ಭ ನಿಲ್ಲದೆ ಐವಿಎಫ್ ಎಂಬ ಪ್ರನಾಳ ಶಿಶು ಚಿಕಿತ್ಸೆ ಮಾಡಿಸಿಕೊಳ್ಳಹೊರಟವರಿಗೆ ಮೊದಲು ಸಿಸ್ಟನ್ನು ತೆಗೆಸಲೇಬೇಕೆಂಬ ನಿಯಮ ಈಗಿಲ್ಲ. ಹಾಗೆ ತೆಗೆದರೆ ಶಿಶು ಹುಟ್ಟುವ ಸಂಭವ ಹೆಚ್ಚುವುದೆಂಬುದಕ್ಕೆ ಆಧಾರವಿಲ್ಲವಾಗಿ, ಅದಕ್ಕಾಗಿಯೇ ವಾಡಿಕೆಯಂತೆ ಶಸ್ತ್ರಚಿಕಿತ್ಸೆ ಮಾಡಬಾರದೆಂದು ಯುರೋಪಿನ ಪ್ರಜನನ ವೈದ್ಯರ ಸಂಘವು 2022ರ ಮಾರ್ಗದರ್ಶಿಯಲ್ಲಿ ಹೇಳಿದೆ. ನೋವು ತಾಳಲಾರದಷ್ಟಿದ್ದರೆ, ಅಥವಾ ಗಂಟು ಅಡ್ಡ ಬಂದು ಅಂಡಾಣು ತೆಗೆಯಲು ಆಗದಿದ್ದರೆ ಮಾತು ಬೇರೆ. ಇನ್ನೂ ಮದುವೆಯಾಗದ, ಎರಡೂ ಕಡೆ ಗಂಟಿರುವ ಹುಡುಗಿಯ ವಿಷಯದಲ್ಲಿ, ಶಸ್ತ್ರಕ್ಕೆ ಮೊದಲು ಅಂಡಾಣುಗಳನ್ನು ಶೀತಲೀಕರಿಸಿ ಇಡುವ ಮಾತನ್ನು ವೈದ್ಯರು ಎತ್ತಬೇಕು. ಎತ್ತದಿದ್ದರೆ ಮನೆಯವರು ಕೇಳಬೇಕು. ಅದು ದುಬಾರಿ, ಎಲ್ಲರ ಕೈಗೆ ಎಟುಕುವಂಥದಲ್ಲ. ಆದರೂ ಅಂಥದೊಂದು ದಾರಿ ಇತ್ತೆಂಬುದು ಶಸ್ತ್ರಚಿಕಿತ್ಸೆಯಾದ ವರ್ಷದ ಮೇಲೆ ತಿಳಿದುಬಂದರೆ ಉಂಟಾಗುವ ವ್ಯಥೆಗೆ ಯಾವ ಔಷಧವೂ ಇಲ್ಲ.

ಮರಳಿ ಕಟ್ಟುವ ಗೂಡು

ಶಸ್ತ್ರಚಿಕಿತ್ಸೆಯಿಂದ ಕಾಯಿಲೆ ಮುಗಿಯಿತೆಂದು ಯಾರಾದರೂ ಹೇಳಿದರೆ ನಂಬಬಾರದು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2009ರ ಒಂದು ವಿಮರ್ಶೆಯ ಪ್ರಕಾರ, ಎರಡು ವರ್ಷದೊಳಗೆ ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ, ಐದು ವರ್ಷದೊಳಗೆ ಶೇ 40ರಿಂದ 50ರಷ್ಟು ಮಂದಿಗೆ ಎಂಡೊಮೆಟ್ರಿಯೋಸಿಸ್ ಮರಳುತ್ತದೆ. ಮರಳಿದ ಗಂಟಿಗೆ ಮತ್ತೆ ಶಸ್ತ್ರ, ಮತ್ತೆ ತಿರುಳಿನ ನಷ್ಟ. ಎರಡನೆಯ ಸಲದ ಹಾನಿ ಮೊದಲನೆಯದಕ್ಕಿಂತ ಹೆಚ್ಚು. ಈ ಸುಳಿಯಿಂದ ತಪ್ಪಿಸಿಕೊಳ್ಳಲು, ಕೂಡಲೆ ಗರ್ಭ ಬಯಸದವರು ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ಒಂದೂವರೆ ಎರಡು ವರ್ಷ ಹಾರ್ಮೋನು ಚಿಕಿತ್ಸೆಯಲ್ಲಿರುವುದು ಮೇಲು. ಮಾತ್ರೆಯಿಂದ ಆಗಾಗ ಕಲೆ ಕಾಣುವುದು, ತಲೆನೋವು, ಮನಸ್ಸಿನ ಏರಿಳಿತ, ದೀರ್ಘಕಾಲದಲ್ಲಿ ಮೂಳೆಯ ಸಾಂದ್ರತೆ ತಗ್ಗುವ ಸಂಭವ, ಇವೆಲ್ಲ ಇವೆ. "ಆಪರೇಷನ್ನೂ ಆಯ್ತು, ಇನ್ಯಾಕೆ ಮಾತ್ರೆ" ಎಂದು ನಡುವೆ ಬಿಟ್ಟುಬಿಡುವವರು ಬಹಳ. ಮಾತ್ರೆ ಏತಕ್ಕೆಂದು ಯಾರೂ ಅವರಿಗೆ ಕುಳಿತು ವಿವರಿಸಿರುವುದಿಲ್ಲ.

ಗರ್ಭಕೋಶ ತೆಗೆಸುವ ಮಾತು

ಮಕ್ಕಳಾದ ಹೆಂಗಸಿಗೆ ನಮ್ಮಲ್ಲಿ ಸುಲಭವಾಗಿ ಸಿಗುವ ಸಲಹೆ, "ಗರ್ಭಕೋಶ ತೆಗೆಸಿಬಿಡಿ" ಎಂಬುದು. 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇ 3.3ರಷ್ಟು ಮಂದಿ ಗರ್ಭಕೋಶವನ್ನು ತೆಗೆಸಿಕೊಂಡಿದ್ದಾರೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ಅನಗತ್ಯವಾಗಿ ನಡೆದ ಇಂಥ ಶಸ್ತ್ರಚಿಕಿತ್ಸೆಗಳ ಬಗೆಗಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟು, ಕೇಂದ್ರ ಸರ್ಕಾರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಅಂಗೀಕರಿಸಬೇಕೆಂದು ಆದೇಶಿಸಿತು.

ನಮ್ಮ ಪ್ರಕೃತ ವಿಷಯಕ್ಕೆ ತಿಳಿಯತಕ್ಕದ್ದು ಇಷ್ಟು: ಈ ಕಾಯಿಲೆ ಇರುವುದೇ ಗರ್ಭಕೋಶದ ಹೊರಗೆ. ಗರ್ಭಕೋಶವನ್ನು ತೆಗೆದು, ಅಂಡಾಶಯದ ಮೇಲೂ ಕರುಳಿನ ಮೇಲೂ ಕುಳಿತಿರುವ ಪೊರೆಯನ್ನು ಹಾಗೆಯೇ ಬಿಟ್ಟರೆ ನೋವು ಉಳಿಯಬಹುದು. ಎರಡೂ ಅಂಡಾಶಯಗಳನ್ನು ತೆಗೆದರೆ ನೋವು ಹೆಚ್ಚಿನವರಲ್ಲಿ ಇಳಿಯುವುದು ನಿಜವಾದರೂ, ಅದೇ ದಿನದಿಂದ ಅಕಾಲದ ಋತುಬಂಧ: ಮೈ ಬಿಸಿಯೇರುವುದು, ನಿದ್ದೆಗೇಡು, ಮೂಳೆ ಸವೆತ, ಹೃದ್ರೋಗದ ಸಂಭವದಲ್ಲಿ ಏರಿಕೆ. ಬೇರೆ ಉಪಾಯವೇ ಉಳಿಯದ ಕೆಲವರಿಗೆ ಇದು ಬಿಡುಗಡೆಯೂ ಹೌದು. ಆ ನಿರ್ಧಾರ ಆಕೆಯದಾಗಿರಬೇಕು. ತನ್ನ ದೇಹದಿಂದ ಏನನ್ನು ತೆಗೆಯುತ್ತಾರೆ, ಏನನ್ನು ಉಳಿಸುತ್ತಾರೆ ಎಂಬುದು ಮೊದಲೇ ಆಕೆಗೆ ತಿಳಿದಿರಬೇಕು.

ಮನೆಗೆ ಮರಳಿದ ಮೇಲೆ

ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಆಸ್ಪತ್ರೆಯಿಂದ ಬಿಡುತ್ತಾರೆ. ಹೊಟ್ಟೆಯಲ್ಲಿ ಉಳಿದ ಅನಿಲವು ವಪೆಯನ್ನು ಕೆಣಕುವುದರಿಂದ ಹೆಗಲಲ್ಲಿ ನೋವು ಕಾಣಿಸಿಕೊಂಡು, ಹೊಟ್ಟೆಯ ಆಪರೇಷನ್ನಿಗೂ ಹೆಗಲಿಗೂ ಏನು ಸಂಬಂಧವೆಂದು ಮನೆಯವರು ಗಾಬರಿಯಾಗುತ್ತಾರೆ. ಎರಡು ಮೂರು ದಿನಗಳಲ್ಲಿ ಅದು ತಾನಾಗಿ ಹೋಗುತ್ತದೆ. ಜ್ವರ, ಏರುತ್ತಿರುವ ಹೊಟ್ಟೆನೋವು, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಮರಳಬೇಕು. ರಂಧ್ರಗಳು ಚಿಕ್ಕವಾದ್ದರಿಂದ ಒಳಗಣ ಗಾಯವೂ ಚಿಕ್ಕದೆಂದು ಭಾವಿಸಿ, ನಾಲ್ಕನೆಯ ದಿನವೇ ಆಕೆಯನ್ನು ಒಲೆಯ ಮುಂದೆ ನಿಲ್ಲಿಸುವ ಮನೆಗಳಿವೆ. ಒಳಗೆ ಅಂಟು ಬಿಡಿಸಿದ ಮೈ ಮಾಯುವುದಕ್ಕೆ ವಾರಗಳು ಬೇಕು.

ಎಲ್ಲ ಸರಿಯಾಗಿ ನಡೆದರೂ ಕೆಲವರಲ್ಲಿ ನೋವು ಪೂರ್ತಿ ಹೋಗುವುದಿಲ್ಲ. ವರ್ಷಗಟ್ಟಲೆ ನೋವಿನ ಸುದ್ದಿಯನ್ನೇ ಹೊತ್ತು ಪಳಗಿದ ನರಗಳು, ಕಾರಣ ನೀಗಿದ ಮೇಲೂ ಅದೇ ಸುದ್ದಿಯನ್ನು ಸಾಗಿಸುತ್ತಿರುತ್ತವೆ. ಇದು ಆಕೆಯ ಕಲ್ಪನೆಯಲ್ಲ, ಸೋಗಲ್ಲ. ಕಿಬ್ಬೊಟ್ಟೆಯ ಸ್ನಾಯುಗಳ ಫಿಸಿಯೋಥೆರಪಿ, ನರಗಳ ನೋವಿಗೆಂದೇ ಇರುವ ಔಷಧಗಳು, ಮನಶ್ಶಾಸ್ತ್ರಜ್ಞರ ನೆರವು ಇಂಥವರಿಗೆ ಉಪಯೋಗಕ್ಕೆ ಬರುತ್ತವೆ.

ಕೆಲಸದ ಜಾಗದಲ್ಲಿ ಬಾಯಿಬಿಟ್ಟು ಹೇಳುವುದು ಮೊದಲಿಗಿಂತ ಸ್ವಲ್ಪ ಸುಲಭವಾಗುತ್ತಿದೆ. ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಕರ್ನಾಟಕದ ಸಚಿವ ಸಂಪುಟವು 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಈ ಕಾಯಿಲೆಯವರಿಗೆ ಒಂದು ದಿನ ಸಾಲದು. ಆದರೂ ರಜೆಯ ಅರ್ಜಿಯಲ್ಲಿ ಜ್ವರವೆಂದು ಸುಳ್ಳು ಬರೆಯುತ್ತಿದ್ದವರು ಇದ್ದದ್ದನ್ನು ಇದ್ದಂತೆ ಬರೆಯಬಹುದೆಂಬುದು ಸಣ್ಣ ಮಾತಲ್ಲ.

ವಿಮಾನಪುರದ ಸುತ್ತಮುತ್ತಿನವರಿಗೆ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಕಾರ್ಖಾನೆಯ ನೌಕರರಿಗೆ ಎಚ್‌ಎಎಲ್ ಆಸ್ಪತ್ರೆ, ವಿಮೆಯ ಕಾರ್ಮಿಕರಿಗೆ ಇಂದಿರಾನಗರದ ಇಎಸ್‌ಐ, ಎಲ್ಲರಿಗೂ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ, ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್, ದುಡ್ಡಿರುವವರಿಗೆ ಖಾಸಗಿಯ ದೊಡ್ಡ ಕಟ್ಟಡಗಳು. ಎಲ್ಲಿಗೆ ಹೋದರೂ ಕೊಂಡೊಯ್ಯಬೇಕಾದದ್ದು ಹಿಂದಿನ ಸ್ಕ್ಯಾನುಗಳೂ, ಶಸ್ತ್ರಕ್ಕೆ ಮೊದಲು ಮಾಡಿಸಿದ ಎಎಂಎಚ್ ವರದಿಯೂ. ಹೊರಡುವಾಗ ಕೇಳಿ ಪಡೆಯಬೇಕಾದದ್ದು, ಎಷ್ಟು ದೊಡ್ಡ ಗಂಟು, ಯಾವ ಕಡೆ, ಸುಲಿದರೇ ಸುಟ್ಟರೇ, ಎಲ್ಲೆಲ್ಲಿ ಅಂಟು ಬಿಡಿಸಿದರು, ಏನನ್ನು ಬಿಟ್ಟರು ಎಂಬುದನ್ನು ಬರೆದ ಶಸ್ತ್ರಕ್ರಿಯೆಯ ಟಿಪ್ಪಣಿ. ಸಾಧ್ಯವಾದರೆ ಅದರ ವಿಡಿಯೊ ಸಹ. ಐದು ವರ್ಷದ ಮೇಲೆ ಇನ್ನೊಬ್ಬ ವೈದ್ಯರು ಅದೇ ಅಂಡಾಶಯವನ್ನು ನೋಡಬೇಕಾಗಿ ಬಂದಾಗ, ಮೊದಲ ಕೈ ಎಲ್ಲಿ ನಿಂತಿತ್ತೆಂದು ಹೇಳುವುದು ಆ ಕಾಗದವೊಂದೇ.

ಸ್ಕ್ಯಾನಿಂಗ್ ಕೇಂದ್ರದ ಆ ತಾಯಿ ವರದಿಯನ್ನು ಲಕೋಟೆಗೆ ಹಾಕಿ, ಮಗಳ ಕೈಯ ನೀರಿನ ಬಾಟಲಿಯನ್ನು ತಾನು ಹಿಡಿದುಕೊಳ್ಳುತ್ತಾಳೆ.

"ಎಷ್ಟು ವರ್ಷದಿಂದ ಹಿಂಗೆ ನೋವಿತ್ತೇ ನಿಂಗೆ?"

"ಒಂಬತ್ತನೇ ಕ್ಲಾಸಿಂದ ಅಮ್ಮ."